ಬೂಸಾನಿಗೆ ಹೋಗಿಬಂದ ನೂರ ಮೂವತ್ತು ಜನ

2020ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಅಂದಾಜೊಂದು ಹೊರಬಿದ್ದು, ಆ ವರ್ಷ ಬಾಂಗ್ಲಾದೇಶದ ತಲಾ ಜಿಡಿಪಿ 1,888 ಡಾಲರ್, ಭಾರತದ್ದು 1,877 ಎಂದಾಗ ನಮ್ಮಲ್ಲೆದ್ದ ಗದ್ದಲ ಹಲವರಿಗೆ ನೆನಪಿರಬಹುದು. ಒಂದು ಬಣ ಆ ಅಂಕಿಯನ್ನು ಸರ್ಕಾರವನ್ನು ಹಳಿಯಲು ಬಳಸಿಕೊಂಡಿತು. ಇನ್ನೊಂದು ಬಣ ಅದು ಕೊರೊನಾ ವರ್ಷದ ಲೆಕ್ಕ ಎಂದು ತಳ್ಳಿಹಾಕಿತು. ಆ ದೇಶ ಅಲ್ಲಿಯವರೆಗೆ ಬಂದದ್ದಾದರೂ ಹೇಗೆ ಎಂದು ಕೇಳುವ ವ್ಯವಧಾನ ಎರಡೂ ಕಡೆಯವರಿಗೆ ಇರಲಿಲ್ಲ.

ಬಡದೇಶವೊಂದು ಮೇಲೇಳಬೇಕಾದರೆ ಬಂಡವಾಳ ಬೇಕು, ಖನಿಜ ಬೇಕು, ವಿದ್ಯೆ ಬೇಕು, ರಸ್ತೆ ಬೇಕು ಎಂದು ನಾವು ಸಾಮಾನ್ಯವಾಗಿ ಪಟ್ಟಿ ಮಾಡುತ್ತೇವೆ. 1970ರ ಚಂಡಮಾರುತ, 1971ರ ಯುದ್ಧ, 1974ರ ಕ್ಷಾಮ ಇವೆಲ್ಲವನ್ನೂ ನಾಲ್ಕೈದು ವರ್ಷಗಳೊಳಗೆ ಉಂಡ ಬಾಂಗ್ಲಾದೇಶದ ಬಳಿ ಈ ಪಟ್ಟಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅದನ್ನು ಎತ್ತಿದ್ದು ಬಹುಮಟ್ಟಿಗೆ ಬ್ಯಾಂಕಿನ ಮತ್ತು ಸುಂಕದ ಕಟ್ಟೆಯ ಎರಡು ಸಣ್ಣ ನಿಯಮಗಳು. ಇಂದು ಅದನ್ನು ಮುಂದೆ ಹೋಗದಂತೆ ಹಿಡಿದು ನಿಲ್ಲಿಸಿರುವುದು ಆ ನಿಯಮಗಳ ಫಲ ಸಿದ್ಧ ಉಡುಪಿನ ಒಂದೇ ಕೇರಿಯಲ್ಲಿ ಉಳಿದುಬಿಟ್ಟದ್ದು ಎಂಬುದು ನನ್ನ ಅಭಿಪ್ರಾಯ.

ಕತೆ ಶುರುವಾಗುವುದು ದಕ್ಷಿಣ ಕೊರಿಯಾದ ಕಷ್ಟದಿಂದ. ಶ್ರೀಮಂತ ದೇಶಗಳು ತಮ್ಮ ಮಾರುಕಟ್ಟೆಗೆ ಬರುವ ಬಟ್ಟೆಗೆ ದೇಶವಾರು ಕೋಟಾ ಹಾಕಿದ್ದರಿಂದ ಕೊರಿಯಾದ ಡೇವೂ ಕಂಪನಿ ಕೋಟಾ ಇಲ್ಲದ ದೇಶವೊಂದನ್ನು ಹುಡುಕುತ್ತಿತ್ತು. ಸರ್ಕಾರಿ ಅಧಿಕಾರಿಯಾಗಿದ್ದ ನೂರುಲ್ ಖಾದರ್ ಖಾನ್ 1978ರಲ್ಲಿ ಅದರೊಂದಿಗೆ ಒಪ್ಪಂದ ಮಾಡಿಕೊಂಡು ಚಿತ್ತಗಾಂಗ್‌ನಲ್ಲಿ ‘ದೇಶ್ ಗಾರ್ಮೆಂಟ್ಸ್’ ಕಟ್ಟಿದರು. 1979ರಲ್ಲಿ ಸುಮಾರು 130 ಜನರನ್ನು ಆರು ತಿಂಗಳ ತರಬೇತಿಗೆಂದು ಕೊರಿಯಾದ ಬಂದರು ನಗರ ಬೂಸಾನಿಗೆ ಕಳಿಸಿದರು. ಹೋದವರು ಹೊಲಿಗೆಯನ್ನಷ್ಟೇ ಅಲ್ಲದೆ ಸಾಲು ಹೇಗೆ ಕೂರಿಸಬೇಕು, ಖರೀದಿದಾರನ ಜೊತೆ ಹೇಗೆ ಮಾತಾಡಬೇಕು, ಮಾಲನ್ನು ದಿನ ತಪ್ಪದೆ ಹೇಗೆ ಹಡಗಿಗೆ ಹಾಕಬೇಕು ಎಂಬುದನ್ನೂ ಕಲಿತು ಬಂದರು. ಏಳೆಂಟು ವರ್ಷಗಳಲ್ಲಿ ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟು, ಕೆಲವರು ತಮ್ಮದೇ ಕಾರ್ಖಾನೆ ತೆರೆದರು, ಉಳಿದವರು ಹೊಸ ಕಾರ್ಖಾನೆಗಳಿಗೆ ಸೇರಿದರು. ಖಾನ್ ಅವರಿಗೆ ಇದರಿಂದ ಎಷ್ಟು ಹೊಟ್ಟೆ ಉರಿದಿತ್ತೋ. ದೇಶಕ್ಕಂತೂ ಅದು ಪುಕ್ಕಟೆ ಸಿಕ್ಕ ವಿಶ್ವವಿದ್ಯಾಲಯ.

ಆದರೆ ವಿದ್ಯೆ ಇದ್ದವನ ಕೈಯಲ್ಲಿ, ಹೊಲಿಯಲು ಬೇಕಾದ ಬಟ್ಟೆಯನ್ನು ಹೊರದೇಶದಿಂದ ಕೊಳ್ಳಲು ಡಾಲರ್ ಬೇಕಲ್ಲ? ಇಲ್ಲಿ ಮೊದಲ ನಿಯಮ ಬರುತ್ತದೆ. ಅಮೆರಿಕದ ಖರೀದಿದಾರ ಕಳಿಸಿದ ಎಲ್‌ಸಿಯನ್ನು (ಲೆಟರ್ ಆಫ್ ಕ್ರೆಡಿಟ್, ಅಂದರೆ ಮಾಲು ಕಳಿಸಿದರೆ ಹಣ ಕೊಡುತ್ತೇನೆಂಬ ಬ್ಯಾಂಕಿನ ಖಾತರಿ ಪತ್ರ) ತೋರಿಸಿದರೆ, ಅದರ ಆಧಾರದ ಮೇಲೆ ಬ್ಯಾಂಕು ಬಟ್ಟೆ ಮಾರುವವನ ಹೆಸರಿಗೆ ಇನ್ನೊಂದು ಎಲ್‌ಸಿ ತೆರೆದುಕೊಡುತ್ತದೆ. ಶರ್ಟು ಹೋಗಿ ದುಡ್ಡು ಬಂದ ಮೇಲೆ ಬಟ್ಟೆಯವನ ಬಾಕಿ ತೀರುತ್ತದೆ. ಇದನ್ನೇ ಆ ಕಸುಬಿನವರು ಬ್ಯಾಕ್ ಟು ಬ್ಯಾಕ್ ಎಲ್‌ಸಿ ಎನ್ನುತ್ತಾರೆ. ಎರಡನೆಯದು ಬಾಂಡೆಡ್ ಗೋದಾಮು: ಹೊರದೇಶದಿಂದ ತಂದ ಬಟ್ಟೆ ಸುಂಕ ಇಲಾಖೆಯ ಲೆಕ್ಕದಲ್ಲಿ ಗೋದಾಮಿನಲ್ಲಿದ್ದು, ಉಡುಪಾಗಿ ಹೊರದೇಶಕ್ಕೇ ಹೋಗುವುದಾದರೆ ಅದಕ್ಕೆ ಆಮದು ಸುಂಕವಿಲ್ಲ. ಈ ಎರಡು ಏರ್ಪಾಡುಗಳಿಂದ ಕೈಯಲ್ಲಿ ದೊಡ್ಡ ಬಂಡವಾಳವಿಲ್ಲದವನೂ ರಫ್ತುದಾರನಾದ. ಅಣೆಕಟ್ಟಿನಂತೆ ಇವು ಕಣ್ಣಿಗೆ ಕಾಣುವುದಿಲ್ಲ, ಉದ್ಘಾಟನೆಗೆ ಯಾರೂ ಬರುವುದಿಲ್ಲ. ನಮ್ಮ ಅಭಿವೃದ್ಧಿಯ ಚರ್ಚೆಗಳಲ್ಲಿ ಇಂಥವಕ್ಕೆ ಜಾಗ ಸಿಗದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಹೀಗೆ ಹುಟ್ಟಿದ ಕಾರ್ಖಾನೆಗಳಿಗೆ ಹಳ್ಳಿಗಳಿಂದ ಲಕ್ಷಾಂತರ ಹೆಣ್ಣುಮಕ್ಕಳು ಬಂದರು. 1994ರಿಂದ ಗ್ರಾಮೀಣ ಹುಡುಗಿಯರಿಗೆ ಪ್ರೌಢಶಾಲೆಯ ವಿದ್ಯಾರ್ಥಿವೇತನ ದೇಶದಾದ್ಯಂತ ಸಿಗತೊಡಗಿತು. ಹಾಜರಿ ಇರಬೇಕು, ಶಾಲೆ ಮುಗಿಯುವವರೆಗೆ ಮದುವೆ ಆಗಿರಬಾರದು ಎಂಬುದು ಅದರ ಷರತ್ತು. ಓದಿದ ಹುಡುಗಿಗೆ ಸಂಬಳದ ಕೆಲಸವೊಂದು ಕಣ್ಣೆದುರಿಗೆ ಇದ್ದಾಗ ಮನೆಯವರ ಲೆಕ್ಕಾಚಾರವೇ ಬದಲಾಗುತ್ತದೆ.

ಇದಕ್ಕೆ ತೆತ್ತ ಬೆಲೆಯನ್ನು ಮರೆತು ಹೊಗಳುವುದು ನನ್ನಿಂದಾಗದು. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕು ತನ್ನ ನೌಕರರನ್ನು ಮನೆಗೆ ಕಳಿಸಿತ್ತು, ಹೊಲಿಯುವವರನ್ನು ಮಾತ್ರ ಒಳಗೆ ಕರೆಯಲಾಗಿತ್ತು. ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು 2016ರ ಏಪ್ರಿಲ್‌ನಲ್ಲಿ ಪಿಎಫ್ ಹಣಕ್ಕಾಗಿ ರಸ್ತೆಗಿಳಿದು, ಆ ಹಣ ತೆಗೆಯುವುದಕ್ಕೆ ತಡೆ ಹಾಕಿದ್ದ ಹೊಸ ನಿಯಮವನ್ನು ಕೇಂದ್ರ ಸರ್ಕಾರ ಹಿಂದಕ್ಕೆ ಪಡೆಯುವಂತೆ ಮಾಡಿದ್ದನ್ನು ಕಂಡವರಿಗೆ ಈ ಕಸುಬಿನ ಸಂಬಳದ ಅಳತೆ ಗೊತ್ತು: ಕೈಯಲ್ಲಿ ಉಳಿಯುವ ಉಳಿತಾಯವೆಂದರೆ ಆ ಪಿಎಫ್ ಒಂದೇ.

ಇನ್ನು ಅಡ್ಡಿಗಳ ಮಾತು. ಆ ದೇಶದ ರಫ್ತಿನಲ್ಲಿ ಇಂದಿಗೂ ಶೇ. 80ಕ್ಕಿಂತ ಹೆಚ್ಚು ಸಿದ್ಧ ಉಡುಪೇ. ಚಪ್ಪಲಿ, ಸೈಕಲ್, ಪ್ಲಾಸ್ಟಿಕ್ ಸಾಮಾನು ಮಾಡುವವರಿಗೆ ಸುಂಕವಿಲ್ಲದ ಕಚ್ಚಾವಸ್ತು ಗಾರ್ಮೆಂಟ್ಸ್‌ನವರಷ್ಟು ಸಲೀಸಾಗಿ ದಕ್ಕಲಿಲ್ಲ. ಅದರ ಮೇಲೆ, ಹೊರದೇಶದ ಮಾಲಿಗೆ ಭಾರಿ ಸುಂಕವಿರುವುದರಿಂದ ಊರೊಳಗೇ ದುಬಾರಿಗೆ ಮಾರಿಕೊಂಡು ಕೂರುವುದು ಅವರಿಗೆ ಲಾಭ. ಗಾರ್ಮೆಂಟ್ಸ್ ಮಾಲೀಕರು ಕಾಲಕ್ರಮೇಣ ಸಂಸತ್ತಿನಲ್ಲೂ ಕುಳಿತರು. ಏಣಿ ಹತ್ತಿದವರು ಇನ್ನೊಬ್ಬರಿಗೆ ಅದೇ ಏಣಿ ಕೊಡುವ ಅವಸರ ತೋರುವುದು ಅಪರೂಪ. ತೆರಿಗೆ ಸಂಗ್ರಹ ಜಿಡಿಪಿಯ ಶೇ. 8ರ ಆಸುಪಾಸಿನಲ್ಲೇ ಇರುವುದರಿಂದ ಶಾಲೆಗೂ ಆಸ್ಪತ್ರೆಗೂ ಸರ್ಕಾರದ ಕೈ ಸದಾ ಬಿಗಿ. ಬ್ಯಾಂಕುಗಳ ಸ್ಥಿತಿಯಂತೂ ಹೇಳತೀರದು: 2025ರಲ್ಲಿ ವಸೂಲಾಗದ ಸಾಲ ಒಟ್ಟು ಸಾಲದ ಕಾಲು ಭಾಗವನ್ನು ದಾಟಿತು. ಶರ್ಟಿನ ಹುಡುಗನಿಗೆ ಒಂದು ಕಾಲಕ್ಕೆ ಎಲ್‌ಸಿ ತೆರೆದುಕೊಟ್ಟ ಬ್ಯಾಂಕಿಂಗ್ ವ್ಯವಸ್ಥೆಯೇ ಬಲಾಢ್ಯರ ಕೈಚೀಲವಾಗಿತ್ತು.

2024ರ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟ್, ಸರ್ಕಾರಿ ನೌಕರಿಯಲ್ಲಿ 1971ರ ವಿಮೋಚನಾ ಹೋರಾಟಗಾರರ ವಂಶಸ್ಥರಿಗಿದ್ದ ಶೇ. 30ರ ಮೀಸಲನ್ನು ಮರಳಿ ತಂದಾಗ ವಿದ್ಯಾರ್ಥಿಗಳು ಬೀದಿಗಿಳಿದರು. ಅನೇಕ ಜೀವಗಳು ಹೋದವು. ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟರು. ಅದರಲ್ಲಿ ರಾಜಕೀಯ ಬೇಕಾದಷ್ಟಿತ್ತು, ನಿಜ. ಆದರೆ ವರ್ಷಾನುಗಟ್ಟಲೆ ಶೇ. 6ಕ್ಕಿಂತ ಹೆಚ್ಚಿನ ಬೆಳವಣಿಗೆ ಕಂಡ ದೇಶದಲ್ಲಿ ಪದವೀಧರನೊಬ್ಬನಿಗೆ ಸರ್ಕಾರಿ ಕುರ್ಚಿಯೊಂದು ಪ್ರಾಣದಷ್ಟು ದೊಡ್ಡದಾಗಿ ಕಂಡದ್ದೇಕೆ? ಹೊಲಿಗೆ ಯಂತ್ರಕ್ಕೂ ಆ ಕುರ್ಚಿಗೂ ನಡುವೆ ಅವನಿಗೆ ಕೂರಲು ಬೇರೆ ಜಾಗಗಳೇ ಹೆಚ್ಚು ಹುಟ್ಟಿರಲಿಲ್ಲ.

ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಬಾಂಗ್ಲಾದೇಶ ಹೊರಬರಲು ವಿಶ್ವಸಂಸ್ಥೆ ಗೊತ್ತುಪಡಿಸಿದ ದಿನ 2026ರ ನವೆಂಬರ್ 24. ಒಮ್ಮೆ ಹೊರಬಂದರೆ, ಬಡದೇಶವೆಂಬ ಕಾರಣಕ್ಕೆ ಸಿಗುತ್ತಿದ್ದ ಸುಂಕರಹಿತ ಪ್ರವೇಶ ಯುರೋಪಿನಲ್ಲಿ ಅಲ್ಲಿಂದ ಮೂರು ವರ್ಷ ಉಳಿದು ಆಮೇಲೆ ಕಳಚುತ್ತದೆ. ಅಗ್ಗದ ಶರ್ಟಿಗೆ ಆಗ ಸುಂಕ ಬೀಳುತ್ತದೆ, ಚಪ್ಪಲಿ ಕಾರ್ಖಾನೆಯವನು ಇನ್ನೂ ಸುಂಕದ ಕಟ್ಟೆಯಲ್ಲಿ ಕಾಗದ ಹಿಡಿದು ನಿಂತಿರುತ್ತಾನೆ.