ಲಿಂಕನ್ ಸೋತಿದ್ದು ಯಾರ ಓಟಿನಿಂದ?

ಪ್ರಶ್ನೆ: 1858ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಸೆನೆಟರನ್ನು (ಅಮೆರಿಕ ಸಂಸತ್ತಿನ ಮೇಲ್ಮನೆ ಸದಸ್ಯರನ್ನು) ಜನರ ಬದಲು ಶಾಸಕರು ಆರಿಸುತ್ತಿದ್ದ ಪದ್ಧತಿ ಸರಿಯಿತ್ತೇ?

ಪರ

ಮುಂದೆ ಅಮೆರಿಕದ ಅಧ್ಯಕ್ಷರಾದ ಲಿಂಕನ್ ಆ ಸಲ ಸ್ಟೀಫನ್ ಡಗ್ಲಸ್ ಎದುರು ಸೋತರಲ್ಲ ಅನ್ನೋ ಬೇಜಾರಿಗೇ ಜನ ಈ ಪದ್ಧತಿಯನ್ನು ಬೈಯುತ್ತಾರೆ. ಮೂರು ವರ್ಷ ಹಿಂದೆ ಹೋಗಿ ನೋಡಿ. 1855ರಲ್ಲೂ ಲಿಂಕನ್ ಸೆನೆಟ್ ಸೀಟಿಗೆ ನಿಂತಿದ್ದರು. ಶಾಸಕರ ಮೊದಲ ಸುತ್ತಿನಲ್ಲಿ ಅವರೇ ಮುಂದೆ. ಲೈಮನ್ ಟ್ರಂಬುಲ್‌ಗೆ ಬಿದ್ದಿದ್ದು ಬರೀ 5 ಓಟು. ಸುತ್ತು ಕಳೆದಂತೆ ಡೆಮಾಕ್ರಟಿಕ್ ಗವರ್ನರ್ ಮ್ಯಾಟಿಸನ್ ಗೆದ್ದೇಬಿಡುತ್ತಾರೆ ಅನಿಸಿತು. ಗುಲಾಮಗಿರಿ ಹೊಸ ಜಾಗಗಳಿಗೆ ಹಬ್ಬೋದನ್ನು ತಡೆಯುವವರೊಬ್ಬರು ಸೆನೆಟ್‌ಗೆ ಹೋಗಲಿ ಅಂತ ಲಿಂಕನ್ ತಾವೇ ಹಿಂದೆ ಸರಿದು, ತಮ್ಮವರ ಓಟನ್ನು ಟ್ರಂಬುಲ್‌ಗೆ ಹಾಕಿಸಿದರು. 10ನೇ ಸುತ್ತಿನಲ್ಲಿ ಟ್ರಂಬುಲ್ ಗೆದ್ದರು. ಊರೂರಿನ ಪೆಟ್ಟಿಗೆಗೆ ಬಿದ್ದ ಓಟನ್ನು ಹೀಗೆ ವಾಪಸ್ ತೆಗೆದು ಯೋಚಿಸಲು ಆಗುತ್ತಾ?

1858ರಲ್ಲಿ ಜನರನ್ನು ಕತ್ತಲಲ್ಲಿ ಇಟ್ಟಿದ್ದರು ಅನ್ನೋದೂ ಸುಳ್ಳು. ಸ್ಟೀಫನ್ ಡಗ್ಲಸ್ ಮತ್ತು ಲಿಂಕನ್ ಏಳು ಊರುಗಳಲ್ಲಿ ಮೂರು ಮೂರು ಗಂಟೆ ಎದುರುಬದುರು ವಾದ ಮಾಡಿದರು. ಯಾವ ಶಾಸಕ ಯಾರ ಕಡೆ ಅಂತ ಗೊತ್ತಿದ್ದೇ ಜನ ಓಟು ಹಾಕಿದರು. ಅಷ್ಟಕ್ಕೂ ನಮ್ಮ ರಾಜ್ಯಸಭೆಗೆ ಕರ್ನಾಟಕದಿಂದ ಹೋಗುವವರನ್ನು ಇವತ್ತಿಗೂ ಶಾಸಕರೇ ಆರಿಸುತ್ತಾರಲ್ವಾ?

ವಿರೋಧ

ವಾದ ಕೇಳಿದ ಜನರ ಓಟಿನ ಚೀಟಿಯಲ್ಲಿ ಇಬ್ಬರ ಹೆಸರೂ ಇರಲಿಲ್ಲ. ಅದೇ ದಿನ ರಾಜ್ಯದ ಖಜಾಂಚಿಯನ್ನು ಜನ ನೇರವಾಗಿ ಆರಿಸಿದರು. ಗೆದ್ದಿದ್ದು ಲಿಂಕನ್ ಪಕ್ಷದವರು! ಆದರೆ 1859ರ ಜನವರಿ 5ರಂದು ಶಾಸಕರು ಕೂತಾಗ ಡಗ್ಲಸ್‌ಗೆ 54, ಲಿಂಕನ್‌ಗೆ 46.

ಹೇಗೆ? ಕ್ಷೇತ್ರಗಳ ಗೆರೆ ಹಳೆಯದು, 1850ರ ಜನಗಣತಿ ನೋಡಿ ಎಳೆದದ್ದು. ಆಮೇಲೆ ಶಿಕಾಗೋ ಇರುವ ಉತ್ತರ ಭಾಗಕ್ಕೆ ಜನ ಬಂದು ತುಂಬಿಕೊಂಡರು. ಲಿಂಕನ್ ಬೆಂಬಲಿಗರು ಜಾಸ್ತಿ ಇದ್ದದ್ದೂ ಅಲ್ಲೇ. ಜನ ಹೆಚ್ಚಿದಷ್ಟು ಸೀಟು ಹೆಚ್ಚಲಿಲ್ಲ. ಸಾಲದ್ದಕ್ಕೆ, ರಾಜ್ಯದ ಶಾಸಕಾಂಗದ ಮೇಲ್ಮನೆಯ 25 ಜನರಲ್ಲಿ 13 ಮಂದಿಯ ಅವಧಿ ಇನ್ನೂ ಮುಗಿದಿರಲಿಲ್ಲ. ಅವರು ಜನರ ಮುಂದೆ ಹೋಗಲೇ ಇಲ್ಲ, ಓಟು ಮಾತ್ರ ಹಾಕಿದರು.

1855ರ ಕತೆ ನನಗೆ ತಿರುಗುಮುರುಗಾಗಿ ಕಾಣುತ್ತದೆ. ಟ್ರಂಬುಲ್ ಕಡೆಯ ಐದೇ ಜನ ಪಟ್ಟು ಹಿಡಿದು ಕೂತು, ಲಿಂಕನ್ ಕಡೆಯ ನಲವತ್ತಕ್ಕೂ ಹೆಚ್ಚು ಜನರನ್ನು ಮಣಿಸಿದರು. ಯಾರೂ ಮಣಿಯದಿದ್ದರೆ? ಡೆಲವೇರ್ ರಾಜ್ಯದಲ್ಲಿ ಅದೂ ಆಯಿತು. ಶಾಸಕರ ಜಗಳ ಮುಗಿಯದೆ 1901ರಿಂದ 1903ರವರೆಗೆ ಆ ರಾಜ್ಯದ ಎರಡೂ ಸೆನೆಟ್ ಸೀಟು ಖಾಲಿ. 1913ರಲ್ಲಿ ಸಂವಿಧಾನಕ್ಕೆ 17ನೇ ತಿದ್ದುಪಡಿ ತಂದು, ಈ ಓಟನ್ನು ಜನರಿಗೇ ಕೊಟ್ಟರು.

ರಾಜ್ಯಸಭೆಯ ಉದಾಹರಣೆ ಕೊಡದಿದ್ದರೇ ಒಳ್ಳೆಯದಿತ್ತು. 2017ರಲ್ಲಿ ಗುಜರಾತಿನ ಕಾಂಗ್ರೆಸ್ ಶಾಸಕರನ್ನು ನಮ್ಮ ಬಿಡದಿಯ ರೆಸಾರ್ಟಿಗೆ ತಂದು ಕೂರಿಸಿದ್ದು ಯಾವ ಚುನಾವಣೆಗೆ ಅಂತ ನೆನಪಿದೆಯಲ್ವಾ?