ಕಿವಿಯೊಳಗಿನ ದಲ್ಲಾಳಿ

ಓದೋದಕ್ಕೆ 83, ಬರೆಯೋದಕ್ಕೆ 74, ಮಾತಾಡೋದಕ್ಕೆ 78. ಕೇಳೋದಕ್ಕೆ 53.

ಹೋದ ವರ್ಷ ನನ್ನ ಜರ್ಮನ್ ಬಿ1, ಅಂದರೆ ಭಾಷೆಯ ನಡುಮಟ್ಟದ, ಪರೀಕ್ಷೆಯ ಫಲಿತಾಂಶ ಇದು. ಜರ್ಮನ್ ಕಲಿಸುವ ಗೊಯಥೆ ಸಂಸ್ಥೆಯ ಈ ಪರೀಕ್ಷೆಯಲ್ಲಿ ನಾಲ್ಕು ಭಾಗ, ತಲಾ 100 ಅಂಕ, ಒಂದೊಂದರಲ್ಲೂ 60 ಬಂದರೆ ಪಾಸು. ಕೇಳುವ ಭಾಗದಲ್ಲಿ 30 ಪ್ರಶ್ನೆ. ನನ್ನದು 16 ಸರಿ, 14 ತಪ್ಪು. ನೈಟ್ ಡ್ಯೂಟಿಯಲ್ಲಿ ಬೆಳಗಿನ ಜಾವ ನಾಲ್ಕರ ಟೆಂಪರೇಚರ್ ಬರೆದು ಕೂತಾಗ ಫೋನ್ ತೆಗೆದು ನೋಡಿದೆ. ಆಮೇಲೆ ಆರರವರೆಗೆ ಏನು ಮಾಡಿದೆನೋ ನೆನಪಿಲ್ಲ. ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು "ಒಂದ್ಸಲ ಕಿವಿ ಡಾಕ್ಟ್ರಿಗೆ ತೋರಿಸ್ಬೇಕೇನ್ ನೋಡು" ಅಂದರು. ಆವತ್ತು ನಗು ಬರಲಿಲ್ಲ.

ದಾವಣಗೆರೆಯಲ್ಲಿ ನರ್ಸಿಂಗ್ ಓದಿದವರಿಗೆ ಈ ಕತೆ ಹೊಸದೇನಲ್ಲ. ನಮ್ಮ ಸೀನಿಯರ್‌ಗಳು ಗಲ್ಫ್ ಅಂತಿದ್ದರು, ಈಗ ಎಲ್ಲರ ಬಾಯಲ್ಲೂ ಜರ್ಮನಿ. ಅಲ್ಲಿ ನರ್ಸ್ ಆಗಿ ಪೂರ್ತಿ ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಕೇಳುತ್ತಾರೆ. ಬಿ1 ಅದರ ಕೆಳಗಿನ ಮೆಟ್ಟಿಲು. ಆ ಮೆಟ್ಟಿಲಲ್ಲೇ ನಾನು ಜಾರಿದ್ದೆ. ಸಮಾಧಾನದ ವಿಷಯ ಅಂದರೆ ಪಾಸಾದ ಮೂರು ಭಾಗ ಹಾಗೇ ಉಳಿದಿರುತ್ತವೆ, ಫೇಲಾದ ಒಂದನ್ನೇ ಮತ್ತೆ ಬರೆಯಬಹುದು. ಹಾಗಾಗಿ ನನಗೆ ಮೂರು ತಿಂಗಳು ಬರೀ ಕಿವಿಗೆ ಸಿಕ್ಕಿತು. ಆ ಮೂರು ತಿಂಗಳಲ್ಲಿ ನನಗೆ ಹೊಳೆದದ್ದನ್ನು ಬರೆಯುತ್ತಿದ್ದೇನೆ. ಕೆಲವರಿಗೆ ಸಿಟ್ಟು ಬರಬಹುದು, ಮೊದಲೇ ಹೇಳಿಬಿಡ್ತೀನಿ.

ಸಿಟ್ಟು ಬರೋದು ಕೋಚಿಂಗ್‌ನವರಿಗೆ. ನಾನು ಹೋಗುತ್ತಿದ್ದ ಕಡೆ ವಾರಕ್ಕೊಂದು 'ಲಿಸನಿಂಗ್ ಕ್ಲಾಸ್' ಇರುತ್ತಿತ್ತು. ಮೇಲೆ ಗರಗರ ಅನ್ನುವ ಫ್ಯಾನು, ಟೇಬಲ್ ಮೇಲೊಂದು ಬ್ಲೂಟೂತ್ ಸ್ಪೀಕರು. ಆಡಿಯೋ ಹಾಕೋರು, ನಾವು ಎ, ಬಿ, ಸಿ ಗುರುತು ಮಾಡೋದು. "ಉತ್ತರ ಬಿ. ಯಾರ್ಯಾರಿಗೆ ಸರಿ ಬಂತು? ಕೈ ಎತ್ತಿ. ನೆಕ್ಸ್ಟ್." ಬಿ ಯಾಕೆ, ನನ್ನ ಕಿವಿಗೆ ಸಿ ಯಾಕೆ ಕೇಳಿಸ್ತು, ಯಾವ ಜಾಗದಲ್ಲಿ ನಾನು ಕಳೆದುಹೋದೆ, ಇದನ್ನು ಆರು ತಿಂಗಳಲ್ಲಿ ಒಂದು ದಿನವೂ ಯಾರೂ ಕೇಳಲಿಲ್ಲ. ದಿನಾ ಜ್ವರ ನೋಡಿ, ಚಾರ್ಟಿನಲ್ಲಿ ಬರೆದು, ಒಂದು ಗುಳಿಗೆಯನ್ನೂ ಕೊಡದೆ ಮುಂದಿನ ಬೆಡ್ಡಿಗೆ ಹೋದ ಹಾಗೆ. "ಜಾಸ್ತಿ ಕೇಳ್ರಿ, ಕೇಳ್ತಾ ಕೇಳ್ತಾ ಬರುತ್ತೆ" ಅನ್ನೋದೊಂದೇ ಅವರ ಔಷಧಿ.

ಜಾಸ್ತಿನೂ ಕೇಳಿದೆ. ಬಸ್ಸಿನಲ್ಲಿ, ಅಡಿಗೆಮನೆಯಲ್ಲಿ, ಮಲಗುವಾಗ ಕಿವಿಗೆ ಇಯರ್‌ಫೋನ್. ಗಂಟೆಗಟ್ಟಲೆ. ಮಳೆ ಬಂದು ಹೆಂಚಿನ ಮೇಲಿಂದ ಹರಿದುಹೋದಂತೆ ಹೋಯಿತು. ಜರ್ಮನ್ ಸಿನಿಮಾ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ನೋಡಿದೆ, ಅದರಿಂದ ಇಂಗ್ಲಿಷ್ ಓದುವ ಸ್ಪೀಡ್ ಜಾಸ್ತಿ ಆಯಿತು ಅಷ್ಟೆ.

ಫಲಿತಾಂಶ ಬಂದ ಎರಡನೇ ವಾರ, ರಜೆ ದಿನ, ಹಳೇ ಅಭ್ಯಾಸ ಪತ್ರಿಕೆಯೊಂದನ್ನು ಹಿಡಿದು ಕೂತೆ. ಒಬ್ಬಾತ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿ ಮೆಸೇಜ್ ಬಿಡ್ತಾನೆ. ನನ್ನ ಉತ್ತರ: ಗುರುವಾರ ಮೂರೂವರೆಗೆ ಬರ್ತಾನೆ. ತಪ್ಪು. ಆಮೇಲೆ ಹಿಂದಿನ ಪುಟದಲ್ಲಿದ್ದ ಪೂರ್ತಿ ಮಾತನ್ನು ಓದಿದೆ.

"ಇಷ್ ಝಾಗೆ ಡೆನ್ ಟೆರ್ಮೀನ್ ಆಮ್ ಡೊನರ್ಸ್‌ಟಾಗ್ ಉಮ್ ಹಲ್ಪ್ ಡ್ರೈ ಅಪ್."

ನನಗೆ ಗೊತ್ತಿಲ್ಲದ ಒಂದು ಪದವೂ ಇದರಲ್ಲಿ ಇರಲಿಲ್ಲ! 'ಟೆರ್ಮೀನ್' ಅಂದರೆ ಅಪಾಯಿಂಟ್‌ಮೆಂಟ್, 'ಡೊನರ್ಸ್‌ಟಾಗ್' ಅಂದರೆ ಗುರುವಾರ, 'ಝಾಗೆ' ಅಂದರೆ ಹೇಳ್ತೀನಿ. ಆದರೆ ಕೊನೆಗೊಂದು ಪುಟ್ಟ 'ಅಪ್' ಬಂದು ಕೂತರೆ ಅದು ಹೇಳೋದಲ್ಲ, ರದ್ದು ಮಾಡೋದು. ಕ್ರಿಯಾಪದವನ್ನು ಎರಡು ತುಂಡು ಮಾಡಿ ಒಂದನ್ನು ಮುಂದೆ, ಇನ್ನೊಂದನ್ನು ವಾಕ್ಯದ ಬಾಲಕ್ಕೆ ಕಟ್ಟುತ್ತಾರೆ. ನಾನು 'ಝಾಗೆ, ಟೆರ್ಮೀನ್, ಗುರುವಾರ' ಅಂತ ಕೇಳಿದ ಕೂಡಲೇ "ಬರ್ತಾನೆ ಬಿಡು" ಅಂತ ತೀರ್ಮಾನ ಮಾಡಿ ಕಿವಿ ಮುಚ್ಚಿಕೊಂಡಿದ್ದೆ. ಇನ್ನು 'ಹಲ್ಪ್ ಡ್ರೈ'. ಪದಕ್ಕೆ ಪದ ಹಿಡಿದರೆ ಅರ್ಧ, ಮೂರು. ಇಂಗ್ಲಿಷಿನ 'ಹಾಫ್ ಪಾಸ್ಟ್ ತ್ರೀ' ತಲೆಯಲ್ಲಿ ಇದ್ದದ್ದಕ್ಕೆ ಮೂರೂವರೆ ಅಂದುಕೊಂಡೆ. ಜರ್ಮನ್ನರಿಗೆ ಅದು ಮೂರಕ್ಕೆ ಇನ್ನೂ ಅರ್ಧ ಬಾಕಿ, ಅಂದರೆ ಎರಡೂವರೆ. ಎರಡೂವರೆಯ ಅಪಾಯಿಂಟ್‌ಮೆಂಟ್ ರದ್ದು ಮಾಡಿದವನನ್ನು ನಾನು ಮೂರೂವರೆಗೆ ಬರಿಸಿದ್ದೆ.

ನಮ್ಮಪ್ಪ ಮೆಕ್ಕೆಜೋಳ ಬೆಳೆದು ದಾವಣಗೆರೆ ಎಪಿಎಂಸಿ ಯಾರ್ಡಿಗೆ ತರುತ್ತಿದ್ದರು. ಚೀಲ ಇಳಿಸಿದ ಮೇಲೆ ಅಪ್ಪನಿಗೂ ಕೊಳ್ಳೋನಿಗೂ ಮುಖಾಮುಖಿ ಮಾತೇ ಇರ್ತಿರಲಿಲ್ಲ. ಎಲ್ಲ ದಲ್ಲಾಳಿ ಮೂಲಕವೇ. ರೇಟು ಅವನು ಹೇಳಿದ್ದು, ತೇವ ಎಷ್ಟಿದೆ ಅನ್ನೋದು ಅವನು ಹೇಳಿದ್ದು. ಆ ಹಾಳೆ ಮುಂದೆ ಕೂತಾಗ ನನಗೆ ಅನ್ನಿಸಿದ್ದು ಅದೇ: ನನ್ನ ಕಿವಿಯೊಳಗೂ ಒಬ್ಬ ದಲ್ಲಾಳಿ ಕೂತಿದ್ದಾನೆ, ಅವನ ಹೆಸರು ಇಂಗ್ಲಿಷ್. ಜರ್ಮನ್ ಮಾತು ಬಂತು ಅಂದರೆ ಮೊದಲು ಅವನ ಹತ್ತಿರ ಹೋಗುತ್ತೆ, ಅವನು ಕಮಿಷನ್ ಮುರಿದುಕೊಂಡು ಏನೋ ಒಂದು ಕೊಡ್ತಾನೆ, ಅಷ್ಟರಲ್ಲಿ ಆಚೆಯವರು ಎರಡು ವಾಕ್ಯ ಮುಂದೆ ಹೋಗಿರ್ತಾರೆ.

ಯೋಚನೆ ಮಾಡಿ. ಕನ್ನಡದಲ್ಲಿ ಯಾರಾದರೂ "ಗುರುವಾರ ಎರಡೂವರೆಗೆ ನಾನು ಅಲ್ಲಿಗೆ ಬರೋಕೆ..." ಅಂದರೆ ನಾವು ಮಧ್ಯದಲ್ಲಿ ತೀರ್ಮಾನ ಮಾಡ್ತೀವಾ? ಇಲ್ಲ. 'ಆಗುತ್ತೆ'ಯೋ 'ಆಗಲ್ಲ'ವೋ ಅಂತ ಬಾಲದವರೆಗೂ ಕಾಯ್ತೀವಿ. ಕಾಯೋದು ನಮ್ಮ ಕಿವಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಜರ್ಮನ್‌ನಲ್ಲಿ 'ವೈಲ್' ಅಂತ, ಅಂದರೆ 'ಯಾಕಂದ್ರೆ' ಅಂತ ವಾಕ್ಯ ಶುರುವಾದರೆ ಕ್ರಿಯಾಪದ ನಮ್ಮ ಹಾಗೇ ಕಟ್ಟಕಡೆಗೆ ಬರುತ್ತೆ. ಇಷ್ಟು ದೊಡ್ಡ ಬಂಡವಾಳ ಮನೆಯಲ್ಲಿಟ್ಟುಕೊಂಡು ನಾನು ಇಂಗ್ಲಿಷಿನ ಹತ್ತಿರ ಸಾಲ ಮಾಡಿದ್ದೆ.

ಈ ದಲ್ಲಾಳಿಯನ್ನು ಕೈಯಾರೆ ಹಿಡಿದುಕೊಟ್ಟಿದ್ದು ನಮ್ಮ ಅತ್ತೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ನಾನು ಪಾತ್ರೆ ತೊಳೆಯುವಾಗ ಒಂದೇ ಆಡಿಯೋ ಹಾಕಿದ್ದೆ, ಅವರು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಅದೇನೇ ಅವ್ನು, ಬಾಯಿ ತೆಗೆದ್ರೆ ಆಲ್ಝೋ ಆಲ್ಝೋ ಅಂತಾನೆ?"

"ಅದು 'ಕೂಡ' ಅಂತ ಅತ್ತೆ."

"ಕೂಡ ಅಂತೆ! ಅಲ್ಲ ಕಣೇ. ಮಾತು ಶುರು ಮಾಡೋಕ್ ಮುಂಚೆ ಅಂತಾನೆ ನೋಡು. ನಾವು 'ಮತ್ತೆ...' ಅಂತೀವಲ್ಲ, ಅಂಗೆ."

ಡಿಕ್ಷನರಿ ತೆಗೆದು ನೋಡಿದೆ. ಅತ್ತೆ ಹೇಳಿದ್ದೇ ಸರಿ. ಜರ್ಮನ್ 'ಆಲ್ಝೋ' ಅಂದರೆ 'ಹಾಗಾದ್ರೆ', 'ಸರಿ ಮತ್ತೆ' ಅನ್ನುವ ಥರದ ಮಾತು. ಇಂಗ್ಲಿಷಿನ 'ಆಲ್ಸೋ'ಗೂ ಅದಕ್ಕೂ ಸಂಬಂಧ ಇಟ್ಟುಕೊಂಡರೆ ಕೆಟ್ಟಿರಿ. ಎರಡು ವರ್ಷ ದುಡ್ಡು ಕೊಟ್ಟು ಕಲಿತ ನನಗೆ ಗೊತ್ತಾಗದ್ದು ಅವರೆಕಾಯಿ ಸುಲಿಯೋರಿಗೆ ಗೊತ್ತಾಯಿತು. ಅವರ ಕಿವಿಯಲ್ಲಿ ದಲ್ಲಾಳಿ ಇರಲಿಲ್ಲವಲ್ಲ. ಆಮೇಲೆ ಹುಡುಕುತ್ತಾ ಹೋದರೆ ಇಂಥವು ಸಿಗುತ್ತಲೇ ಹೋದವು. ಒಂದು ವಾರಕ್ಕೆ ಜರ್ಮನ್ನರೂ 'ಎಂಟು ದಿನ' ಅಂತಾರೆ, ನಾವು "ಎಂಟು ದಿನ ಬಿಟ್ಟು ಬಾ" ಅಂತೀವಲ್ಲ ಹಾಗೇ.

ಹಾಗಂತ ಕನ್ನಡದ ಕಿವಿಗೆ ಎಲ್ಲ ಕೇಳಿಸುತ್ತೆ ಅಂತಲ್ಲ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅನ್ನುವವರು ಕೆನಡಾದಲ್ಲಿ ಮಾಡಿ 1984ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳು ಎರಡನ್ನೂ ಬೇರೆ ಬೇರೆ ಅಂತ ಗುರುತಿಸಿದವು, ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಬಹುತೇಕ ಕೂಸುಗಳಿಗೆ ಆ ವ್ಯತ್ಯಾಸವೇ ಕೇಳಿಸಲಿಲ್ಲ. ನಮಗೆ ಕತ್ತು ಬೇರೆ, ಕಟ್ಟು ಬೇರೆ ಅನ್ನೋದು ಎಷ್ಟು ಸಲೀಸು! ನಮ್ಮ ಕಿವಿಯೂ ಹೀಗೇ ಕೆಲವು ಬಾಗಿಲು ಮುಚ್ಚಿಕೊಂಡಿರುತ್ತೆ. ಜರ್ಮನ್ನಿನ ದೀರ್ಘ ಹ್ರಸ್ವ ನನಗೆ ಯಾವತ್ತೂ ತೊಂದರೆ ಕೊಡಲಿಲ್ಲ. ಷ್ಟಟ್ ಅಂದರೆ ಊರು, ಷ್ಟಾಟ್ ಅಂದರೆ ದೇಶ, ನಮ್ಮ ಬಿಡು ಬೀಡು ಇದ್ದ ಹಾಗೆ. ಆದರೆ ತುಟಿ ಗುಂಡಗೆ ಮಾಡಿ ಒಳಗೆ 'ಈ' ಹೇಳುವ ಅವರ ಒಂದು ಸ್ವರ ನನಗೆ ಮೊದಲು 'ಊ' ಆಗಿಯೂ 'ಈ' ಆಗಿಯೂ ಕೇಳಿಸುತ್ತಿತ್ತು, ಅದಾಗಿ ಮಾತ್ರ ಕೇಳಿಸುತ್ತಿರಲಿಲ್ಲ. ಅದನ್ನು ಬಾಯಲ್ಲಿ ಹೇಳೋಕೆ ಬಂದ ಮೇಲೆ ನನ್ನ ಕಿವಿಗೂ ಬಂತು.

ನಮ್ಮ ವಾರ್ಡಿನಲ್ಲಿ ಒಬ್ಬರು ಕೇರಳದ ಸಿಸ್ಟರ್ ಇದ್ದಾರೆ. ಬಂದಾಗ ಕೈಯಲ್ಲೊಂದು ಕನ್ನಡ ಕಲಿಯೋ ಪುಸ್ತಕ. ಅದರಲ್ಲಿ 'ನನಗೆ ಹೊಟ್ಟೆ ನೋಯುತ್ತಿದೆ' ಅಂತಿತ್ತು. ಪೇಷಂಟ್ ಅಂದಿದ್ದು "ಹೊಟ್ಟಿ ನುಲಿಯಾಕತ್ತೈತ್ರೀ ಸಿಸ್ಟ್ರೆ" ಅಂತ. ಪಾಪ, ಅವರು ಪುಸ್ತಕ ತಿರುವಿ ಹಾಕಿದರು. ಎಲ್ಲಿಂದ ಸಿಗಬೇಕು? ಬಸ್ ಸ್ಟ್ಯಾಂಡಿನಲ್ಲಿ "ಹರ್ಯಾರ್ ಹರ್ಯಾರ್ ಹರ್ಯಾರ್" ಅಂತ ಕೂಗೋದು ಹರಿಹರದ ಬಸ್ಸಿಗೆ ಅಂತ ಗೊತ್ತಾಗೋಕೆ ಅವರಿಗೆ ತಿಂಗಳಾಯಿತು. ಆದರೆ ಎಂಟು ತಿಂಗಳಲ್ಲಿ ಅವರು ಜಗಳೂರು ಕಡೆಯ ಅಜ್ಜಿಯರ ಜೊತೆ ಜಗಳ ಆಡುವಷ್ಟು ಕನ್ನಡ ಕಲಿತರು. ಹೇಗೆ? ವಾರ್ಡಿನಲ್ಲಿ ದಿನಾ ಅದೇ ಇಪ್ಪತ್ತು ಮೂವತ್ತು ಮಾತು. ನುಲಿ, ಉರಿ, ಚುಚ್ಚತೈತಿ, ಊಟ ಸೇರವಲ್ದು, ನಿದ್ದಿ ಇಲ್ಲ. ಬೇರೆ ಬೇರೆ ಬಾಯಲ್ಲಿ ಅದೇ ಮಾತು. ಅರ್ಥ ಆಗದಿದ್ದರೆ ಪೇಷಂಟ್ ಕೈಯಿಂದ ಹೊಟ್ಟೆ ಮುಟ್ಟಿ ತೋರಿಸ್ತಾರೆ. ಅವರು ಸಾವಿರ ಗಂಟೆ ತರಹೇವಾರಿ ಕನ್ನಡ ಕೇಳಲಿಲ್ಲ. ಸ್ವಲ್ಪವನ್ನೇ ಸಾವಿರ ಸಲ ಕೇಳಿದರು.

ನಾನೂ ಅದನ್ನೇ ಮಾಡಿದೆ. ಬಾನ್ ನಗರದಲ್ಲಿರುವ ಡಾಯ್ಚೆ ವೆಲೆ ಅನ್ನುವ ಪ್ರಸಾರ ಸಂಸ್ಥೆ ಕಲಿಯುವವರಿಗೆ ಅಂತಲೇ ನಿಧಾನವಾಗಿ ಓದಿದ ಸುದ್ದಿ ಕೊಡುತ್ತೆ, ಪಕ್ಕದಲ್ಲೇ ಅದರ ಬರಹವೂ ಇರುತ್ತೆ, ಮಾಮೂಲಿ ವೇಗದ್ದೂ ಇರುತ್ತೆ. ಅದರಲ್ಲಿ ಒಂದೇ ಒಂದು ಸುದ್ದಿ, ಅರ್ಧ ಮುಕ್ಕಾಲು ನಿಮಿಷದ್ದು. ವಾರಪೂರ್ತಿ ಅದೇ. ಮೊದಲ ದಿನ ಬರಹ ನೋಡದೆ ಕೇಳಿ, ಕೇಳಿಸಿದ್ದನ್ನು ಕೇಳಿಸಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆಯೋದು. ಇದು ಮುಖ್ಯ. ಜರ್ಮನ್ ಸ್ಪೆಲ್ಲಿಂಗ್ ಬರೆಯೋಕೆ ಹೋದರೆ ತಲೆ ಗೊತ್ತಿರೋದನ್ನು ಬರೆಯುತ್ತೆ, ಕೇಳಿಸಿದ್ದನ್ನಲ್ಲ. ಆಮೇಲೆ ಬರಹದ ಜೊತೆ ಇಟ್ಟು ನೋಡಿ ತಪ್ಪಿದ ಕಡೆ ಕೆಂಪು ಗೆರೆ. ಆಗ ಗೊತ್ತಾಯಿತು, ನನ್ನ ತಪ್ಪುಗಳು ದೊಡ್ಡ ಪದಗಳಲ್ಲಿ ಇರಲೇ ಇಲ್ಲ. ಎಲ್ಲ ಸಣ್ಣಪುಟ್ಟ ಪದಗಳು, ಒಂದಕ್ಕೊಂದು ಅಂಟಿಕೊಂಡು ನುಂಗಿಹೋದವು. 'ಹಾಬೆನ್ ವಿಯರ್' ಅನ್ನೋದು ಮನೆಮಾತಿನಲ್ಲಿ 'ಹಮ್ವ' ಆಗುತ್ತೆ. 'ಹೋಗ್ತಾ ಇದ್ದೀನಿ' ನಮ್ಮ ಬಾಯಲ್ಲಿ 'ಹೋಗ್ತಿದೀನಿ' ಆದಂತೆ. ಕೆಂಪು ಗೆರೆ ಬಿದ್ದ ಜಾಗವನ್ನು ಮಾತ್ರ ಹತ್ತಿಪ್ಪತ್ತು ಸಲ ಕೇಳೋದು, ಅವರ ಹಿಂದೆಯೇ ಅದೇ ಧಾಟಿಯಲ್ಲಿ ಅನ್ನೋದು. ದಿನಕ್ಕೆ ಇಪ್ಪತ್ತೈದು ನಿಮಿಷ. ಅದಕ್ಕಿಂತ ಹೆಚ್ಚು ಮಾಡಿದರೆ ನನಗೆ ತಲೆನೋವು ಬರುತ್ತಿತ್ತು.

ಸಂಖ್ಯೆಗೆ ಮಾತ್ರ ಕನ್ನಡವೂ ಉಪಯೋಗಕ್ಕೆ ಬರಲಿಲ್ಲ. ನಾವು ಐವತ್ತ ಮೂರು ಅಂದರೆ ಅವರು 'ಮೂರು ಮತ್ತು ಐವತ್ತು' ಅಂತಾರೆ. ನನ್ನ 53 ಅನ್ನು ಜರ್ಮನ್‌ನಲ್ಲಿ ಹೇಳಿದ್ದರೆ 35 ಅಂತ ಬರೆದುಕೊಂಡು ಇನ್ನೊಂದಿಷ್ಟು ಅಳುತ್ತಿದ್ದೆ. ಮಗ ಎಂಟನೇ ಕ್ಲಾಸು. ಅವನು ಫೋನಿನ ಗೂಗಲ್ ಟ್ರಾನ್ಸ್‌ಲೇಟಿನಲ್ಲಿ ಬಾಯಿಗೆ ಬಂದ ಸಂಖ್ಯೆ ಹಾಕಿ ಜರ್ಮನ್ ಸ್ಪೀಕರ್ ಒತ್ತೋದು, ನಾನು ನೋಡದೆ ಬರೆಯೋದು. ತಪ್ಪಾದರೆ ಒಂದಕ್ಕೆ ಐದು ರೂಪಾಯಿ. ಮೊದಲ ವಾರ ಅವನ ಬೆಣ್ಣೆ ದೋಸೆ ಖರ್ಚು ನನ್ನದೇ. ಮೂರನೇ ವಾರಕ್ಕೆ ಅವನು ಆಟ ಬಿಟ್ಟ, ಲಾಭ ಇಲ್ಲ ಅಂತ.

ಪರೀಕ್ಷೆ ಬಗ್ಗೆ ಒಂದೇ ಮಾತು. ಬಿ1 ಕೇಳುವ ಭಾಗದಲ್ಲಿ ನಾಲ್ಕು ತುಂಡು. ಮೊದಲನೆಯದು, ಕೊನೆಯದು ಎರಡೆರಡು ಸಲ ಹಾಕ್ತಾರೆ, ನಡುವಿನ ಎರಡು ಒಂದೇ ಸಲ. ಮೊದಲ ಸಲ ನಾನು ಸತ್ತಿದ್ದು ಆ ನಡುವಿನಲ್ಲೇ. ಒಂದು ಪ್ರಶ್ನೆ ತಪ್ಪಿತು ಅಂತ ಅದನ್ನೇ ಯೋಚಿಸುತ್ತಾ ಕೂತು ಮುಂದಿನ ಎರಡನ್ನೂ ಕಳೆದುಕೊಂಡೆ. ಹೋದ ಬಸ್ಸಿನ ಹಿಂದೆ ಓಡಿ ನಿಂತಿದ್ದ ಬಸ್ಸನ್ನೂ ತಪ್ಪಿಸಿಕೊಂಡ ಹಾಗೆ. ಎರಡನೇ ಸಲ ತಪ್ಪಿದ್ದಕ್ಕೆ ಒಂದು ಗುರುತು ಹಾಕಿ ಬಿಟ್ಟೆ. 30ಕ್ಕೆ 24 ಬಂತು. 80.

ಈಗ ಬಿ2 ಓದುತ್ತಿದ್ದೇನೆ. ಹೋದ ತಿಂಗಳು ಒಂದು ಆಸ್ಪತ್ರೆಯವರ ಜೊತೆ ವಿಡಿಯೋ ಕಾಲ್ ಇತ್ತು. ಜರ್ಮನಿಯ ಟೈಮಿನ ಹತ್ತೂವರೆಗೆ. ಅವರು ಹೇಳಿದ್ದು 'ಹಲ್ಪ್ ಎಲ್ಫ್' ಅಂತ, ಅಂದರೆ ಹನ್ನೊಂದಕ್ಕೆ ಅರ್ಧ ಬಾಕಿ, ನಾನು ಸರಿಯಾಗಿ ಹತ್ತೂವರೆಗೇ ಕೂತೆ. ಹೊಸ ಸೀರೆ, ಹಿಂದೆ ಗೋಡೆಗೆ ಬೆಡ್‌ಶೀಟ್. ಆ ಕಡೆಯ ಮೇಡಂ ಬಂದರು, ನಕ್ಕರು, "ಗ್ರೂಸ್ ಗಾಟ್" ಅಂದರು. ಅದು ನಮಸ್ಕಾರ ಅಂತ ಗೊತ್ತಾಯಿತು. ಅಲ್ಲಿಂದ ಮುಂದೆ ಎರಡು ನಿಮಿಷ ನನಗೆ ಒಂದಕ್ಷರ ತಿಳಿಯಲಿಲ್ಲ. 'ಇಲ್ಲ' ಅನ್ನುವ 'ನಿಷ್ಟ್'ಗೆ 'ನೆಟ್', 'ನಾನು' ಅನ್ನುವ 'ಇಷ್'ಗೆ ಬರೀ 'ಈ'. ಆಸ್ಪತ್ರೆ ಇರೋದು ಜರ್ಮನಿಯ ದಕ್ಷಿಣದ ಬವೇರಿಯಾ ರಾಜ್ಯದಲ್ಲಿ, ಅಲ್ಲಿನ ಆಡುಮಾತೇ ಬೇರೆ. "ದಯವಿಟ್ಟು ಸ್ವಲ್ಪ ನಿಧಾನ" ಅಂತ ಮೂರು ಸಲ ಕೇಳಿಕೊಂಡೆ. ಪುಣ್ಯಾತ್ಗಿತ್ತಿ, ಬೇಜಾರಿಲ್ಲದೆ ಪುಸ್ತಕದ ಜರ್ಮನ್‌ಗೆ ಇಳಿದರು.

ಕಾಲ್ ಮುಗಿಸಿ ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಏನೇ, ಈಯಮ್ಮನ ಮಾತು ನಿನ್ ಫೋನಿನವ್ನ ಥರ ಇಲ್ವಲ್ಲ? ಇವ್ಳು ಹುಬ್ಬಳ್ಳಿ ಕಡೆಯೋಳಾ?"