ಕೈಪಿಡಿ ಇಲ್ಲದ ಸಾಫ್ಟ್‌ವೇರನ್ನು ಕ್ಲಿನಿಕ್‌ಗೆ ಮಾರಬೇಡಿ

ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದೇ ಮಲಗುತ್ತೇನೆ.

ನಮ್ಮ ಕ್ಲಿನಿಕ್‌ನಲ್ಲಿ ಸಾಫ್ಟ್‌ವೇರ್ ಒಳಗೆ ಒಂದೇ ಮಗುವಿಗೆ ಎರಡು ಫೈಲ್ ಆಗಿತ್ತು. ದಾವಣಗೆರೆಯಲ್ಲಿ ಇದು ಮಾಮೂಲು. ಒಂದು ಸಲ ಅಪ್ಪ ಕರೆದುಕೊಂಡು ಬರುತ್ತಾರೆ, ಇನ್ನೊಂದು ಸಲ ಜಗಳೂರಿನಿಂದ ಅಜ್ಜಿ ಬರುತ್ತಾರೆ. ಮೊಬೈಲ್ ನಂಬರ್ ಬೇರೆ, ಹೆಸರಿನ ಸ್ಪೆಲಿಂಗ್ ಬೇರೆ. ಕೌಂಟರಿನ ಹುಡುಗಿ ಎರಡನ್ನೂ ಸೇರಿಸಲು ‘ಮರ್ಜ್’ ಬಟನ್ ತನಕ ಹೋಗಿ ನಿಂತಳು. "ಮೇಡಂ, ಒತ್ತಿದರೆ ಯಾವ ಫೈಲ್ ಉಳಿಯುತ್ತೆ?" ಅಂದಳು. ಒಂದರಲ್ಲಿ ಪೆನ್ಸಿಲಿನ್ ಅಲರ್ಜಿ ಅಂತ ಬರೆದಿದೆ. ಇನ್ನೊಂದರಲ್ಲಿ ಆ ಜಾಗ ಖಾಲಿ. ಸೇರಿಸಿದ ಮೇಲೆ ಖಾಲಿ ಇರುವುದೇ ಉಳಿದರೆ?

ಎಷ್ಟು ಒಳ್ಳೆ ಪ್ರಶ್ನೆ! ಅದಕ್ಕೆ ಉತ್ತರ ಎಲ್ಲೂ ಬರೆದಿಲ್ಲ. ‘ಹೆಲ್ಪ್’ ಒತ್ತಿದರೆ ಬರುವುದು ಒಂದು ಫೋನ್ ನಂಬರ್. ಫೋನ್ ಮಾಡಿದರೆ, "ರಿಮೋಟ್ ಕೊಡಿ ಮೇಡಂ, ನಾವೇ ಮಾಡಿಕೊಡ್ತೀವಿ" ಅಂತಾರೆ. ಅಂದರೆ ನಮ್ಮ ಕಂಪ್ಯೂಟರನ್ನು ಅವರು ಅಲ್ಲಿಂದಲೇ ನಡೆಸಲು ಬಿಡಬೇಕು. ಮಾಡುವುದು ಆಮೇಲೆ, ಮೊದಲು ಏನಾಗುತ್ತೆ ಹೇಳಿ ಅಂದರೆ ಅವರಿಗೂ ಗೊತ್ತಿಲ್ಲ. ನಾಲ್ಕು ಸಾಲು ಓದಿ ತಿಳಿಯಬೇಕಾದ ವಿಷಯಕ್ಕೆ, ಇಷ್ಟೊಂದು ಮಕ್ಕಳ ರೆಕಾರ್ಡ್ ಇರುವ ಕಂಪ್ಯೂಟರನ್ನು ಮುಖ ನೋಡದವರ ಕೈಗೆ ಕೊಡಬೇಕಾ?

ಡೋಸ್ ಬರೆಯುವ ಜಾಗವೂ ಹಾಗೇ. ಅಲ್ಲಿ 3 ಅಂತ ಹಾಕಿದರೆ ಅದು ಎಂ.ಎಲ್ ಅಂತ ಸಾಫ್ಟ್‌ವೇರ್ ತಿಳಿಯುತ್ತದೋ, ಮಿಲಿಗ್ರಾಂ ಅಂತ ತಿಳಿಯುತ್ತದೋ? ಎಂ.ಎಲ್ ಅಂದರೂ ಯಾವ ಬಾಟಲಿಯದು? ಪ್ಯಾರಾಸಿಟಮಾಲ್ ಸಿರಪ್ 5 ಎಂ.ಎಲ್‌ಗೆ 120 ಮಿಲಿಗ್ರಾಂ ಇರುವುದೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ಡ್ರಾಪ್ಸ್ ಆದರೆ 1 ಎಂ.ಎಲ್‌ಗೇ 100. ಹತ್ತು ಕೆ.ಜಿ. ಮಗುವಿಗೆ 250ರ ಸಿರಪ್ 3 ಎಂ.ಎಲ್ ಕೊಟ್ಟರೆ 150 ಮಿಲಿಗ್ರಾಂ, ಸರಿಯಾದ ಡೋಸ್. ಅದೇ 3 ಎಂ.ಎಲ್ ಡ್ರಾಪ್ಸ್ ಆದರೆ 300, ಅಂದರೆ ಎರಡು ಪಟ್ಟು. ರಾತ್ರಿ ಮನೆಗೆ ಬಂದ ಮೇಲೂ ಈ ಲೆಕ್ಕವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಮಾಡುವವಳು ನಾನು. ಹೋದ ಅಪ್‌ಡೇಟ್ ಆದ ಮೇಲೆ ಔಷಧಿ ಪಟ್ಟಿಯ ರೂಪವೇ ಬದಲಾಗಿತ್ತು. ಏನು ಬದಲಾಯಿತು ಅಂತ ಒಂದು ಸಾಲಿನ ಸೂಚನೆಯೂ ಬರಲಿಲ್ಲ.

ಥೆರಾಕ್-25 ಅನ್ನುವ, ಕಂಪ್ಯೂಟರ್ ಪ್ರೋಗ್ರಾಮಿನಿಂದ ನಡೆಯುತ್ತಿದ್ದ ಕ್ಯಾನ್ಸರ್ ಚಿಕಿತ್ಸೆಯ ರೇಡಿಯೇಷನ್ ಯಂತ್ರದ ಕಥೆ ವೈದ್ಯ ಮಿತ್ರರಿಗೆ ಗೊತ್ತಿರಬಹುದು. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ ಆರು ರೋಗಿಗಳಿಗೆ ಮಿತಿಮೀರಿ ರೇಡಿಯೇಷನ್ ಬಿತ್ತು. ಕೆಲವರು ಸತ್ತೇ ಹೋದರು. ದೋಷ ಪ್ರೋಗ್ರಾಮಿನ ಒಳಗೇ ಇತ್ತು, ನಿಜ. ಆದರೆ ಟೆಕ್ಸಾಸ್‌ನಲ್ಲಿ ಪರದೆ ಮೇಲೆ ‘ಮಾಲ್‌ಫಂಕ್ಷನ್ 54’ ಅಂತ ಬಂದಾಗ, ಅದು ಏನು ಅಂತ ಯಂತ್ರ ನಡೆಸುವವರ ಕೈಪಿಡಿಯಲ್ಲಿ ವಿವರಿಸಿರಲಿಲ್ಲ. ಅಂಥ ಸಂದೇಶಗಳು ದಿನಾ ಬರುತ್ತಿದ್ದವು. ಹಾಗಾಗಿ ಆಪರೇಟರ್ ಮುಂದುವರಿಸುವ ಕೀ ಒತ್ತಿದರು. ನಮ್ಮ ಸಾಫ್ಟ್‌ವೇರ್‌ನಲ್ಲೂ ಕೆಂಪು ಅಕ್ಷರದಲ್ಲಿ ಯಾವುದೋ ನಂಬರ್ ಬರುತ್ತದೆ. ನಮ್ಮ ಹುಡುಗಿಯರೂ ‘ಓಕೆ’ ಒತ್ತುವುದನ್ನು ಕಲಿತಿದ್ದಾರೆ. ನನ್ನ ಭಯ ಇದೇ.

"ಕೈಪಿಡಿ ಯಾರು ಓದ್ತಾರೆ ಡಾಕ್ಟ್ರೇ, ಒಳ್ಳೆ ಸಾಫ್ಟ್‌ವೇರ್ ನೋಡಿದ ಕೂಡಲೇ ಅರ್ಥ ಆಗಬೇಕು" ಅನ್ನುತ್ತಾರೆ ಕೆಲವರು. ಒಪ್ಪಲ್ಲ. ಬಟನ್ ಎಲ್ಲಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಒತ್ತಿದರೆ ಒಳಗೆ ಏನಾಗುತ್ತದೆ, ವಾಪಸ್ ತರಬಹುದಾ, ಬ್ಯಾಕಪ್ ಎಲ್ಲಿಗೆ ಹೋಗುತ್ತದೆ, ಅಲರ್ಜಿ ಜಾಗ ಖಾಲಿ ಇದ್ದರೆ ‘ಅಲರ್ಜಿ ಇಲ್ಲ’ ಅಂತಲಾ ಅಥವಾ ‘ಕೇಳಿಲ್ಲ’ ಅಂತಲಾ? ಇವು ನೋಡಿದರೆ ಗೊತ್ತಾಗುವ ವಿಷಯಗಳಲ್ಲ. ಡ್ರೈ ಸಿರಪ್ ಬಾಟಲಿಗೂ ನೀರು ಎಲ್ಲಿವರೆಗೆ ಹಾಕಬೇಕು ಅಂತ ಗೆರೆ ಹಾಕಿ ಕೊಡುತ್ತಾರೆ. ಓದುವವರು ಕಮ್ಮಿ ಅಂತ ಆ ಗೆರೆಯನ್ನು ಯಾರೂ ಬಿಟ್ಟಿಲ್ಲ.

ಮಾಡಬೇಕು ಅಂದರೆ ಆಗುತ್ತದೆ. ‘ಬಾಹ್ಮ್ನಿ’ ಅಂತ ಒಂದು ಉಚಿತ ಆಸ್ಪತ್ರೆ ಸಾಫ್ಟ್‌ವೇರ್ ಇದೆ. ಛತ್ತೀಸಗಢದ ಗನಿಯಾರಿ ಅನ್ನುವ ಹಳ್ಳಿಯ ಆಸ್ಪತ್ರೆಯ ಜೊತೆ ಸೇರಿ ಬೆಳೆಸಿದ್ದು. ಆ ಸಾಫ್ಟ್‌ವೇರ್ ಹಾಕಿಕೊಳ್ಳುವ ಮೊದಲೇ ಅದನ್ನು ಬಳಸುವ ವಿವರಗಳನ್ನು ಯಾರು ಬೇಕಾದರೂ ಓದಬಹುದು. ಉಚಿತವಾಗಿ ಕೊಡುವವರೇ ಬರೆಯುತ್ತಾರೆ. ವರ್ಷ ವರ್ಷ ಹಣ ತೆಗೆದುಕೊಳ್ಳುವವರಿಗೆ ಏನು ಕಷ್ಟ?

ಮತ್ತೆ, ಕನ್ನಡದಲ್ಲಿ ಕೊಡಿ. ಇದನ್ನು ದಿನವಿಡೀ ಬಳಸುವುದು ಹರಿಹರ, ಹೊನ್ನಾಳಿ, ಚನ್ನಗಿರಿ ಕಡೆಯಿಂದ ಕೆಲಸಕ್ಕೆ ಬರುವ ಹುಡುಗ-ಹುಡುಗಿಯರು. ಜಾಣರು. ಬರೆದು ಕೊಟ್ಟರೆ ನಮಗಿಂತ ಚೆನ್ನಾಗಿ ನಡೆಸುತ್ತಾರೆ.

ಆ ಎರಡು ಫೈಲ್ ಹಾಗೇ ಇವೆ. ಎರಡರಲ್ಲೂ ಅಲರ್ಜಿ ಬರೆಸಿದ್ದೇನೆ. ಈ ಸಲ ಕೈಪಿಡಿ ಕೈಗೆ ಬರುವ ತನಕ ರಿನ್ಯೂವಲ್ ಹಣ ಕಟ್ಟುವುದಿಲ್ಲ ಅಂತ ಕಂಪನಿಗೆ ಮೇಲ್ ಹಾಕಿದ್ದೇನೆ. ಊರಿನ ಬೇರೆ ಡಾಕ್ಟರುಗಳೂ ಹೀಗೇ ಕೇಳಿ, ದಯವಿಟ್ಟು. ನಿಮ್ಮ ಸಾಫ್ಟ್‌ವೇರ್‌ಗೆ ಓದಿ ಅರ್ಥವಾಗುವಂಥ ಕೈಪಿಡಿ ಇದ್ದರೆ ಅದರ ಪಿಡಿಎಫ್ ನನಗೆ ಕಳಿಸಿ, ಯಾವ ಕಂಪನಿ ಅಂತಲೂ ಹೇಳಿ.